ದುಡಿಯುವವರ ಕಿವಿ ಯಾರ ಸೊತ್ತು?

ಕಾರ್ಖಾನೆಯ ಗೇಟಿನ ಬಳಿ ಒಂದು ಕಪಾಟು. ಅದರಲ್ಲಿ ನಂಬರ್ ಬರೆದ ಸಣ್ಣ ಸಣ್ಣ ಗೂಡುಗಳು. ಒಳಗೆ ಹೋಗುವ ಮುನ್ನ ಕಾರ್ಮಿಕರು ಮೊಬೈಲನ್ನು ಬಂದ್ ಮಾಡಿ ಅದರಲ್ಲಿಟ್ಟು ಟೋಕನ್ ಪಡೆಯಬೇಕು. ಸಂಜೆ ಟೋಕನ್ ಒಪ್ಪಿಸಿ ಫೋನ್ ಹಿಂಪಡೆಯಬೇಕು. ಇಂತಹ ವ್ಯವಸ್ಥೆ ಈಗ ದೊಡ್ಡ ಕಾರ್ಖಾನೆಗಳಲ್ಲಿ ಮಾತ್ರವಲ್ಲ, ಜವಳಿ ಅಂಗಡಿಗಳಲ್ಲಿ, ಗೋದಾಮುಗಳಲ್ಲಿ ಕೂಡ ಕಾಣಸಿಗುತ್ತದೆ. ಮಾಲಕರನ್ನು ಕೇಳಿದರೆ, ಸಂಬಳ ಕೊಡುವುದು ಕೆಲಸಕ್ಕೆ, ವಾಟ್ಸಾಪಿಗಲ್ಲ ಎನ್ನುತ್ತಾರೆ. ಕಾರ್ಮಿಕರನ್ನು ಕೇಳಿದರೆ, ಮಗುವಿಗೆ ಜ್ವರ ಬಂದಿದೆಯೆಂದು ಶಾಲೆಯಿಂದ ಬೆಳಿಗ್ಗೆ ಹತ್ತಕ್ಕೆ ಫೋನ್ ಬಂದರೆ ನಮಗೆ ತಿಳಿಯುವುದು ಸಂಜೆ ಆರಕ್ಕೆ ಎನ್ನುತ್ತಾರೆ. ಎರಡೂ ಸುಳ್ಳಲ್ಲ.

ಮೊಬೈಲ್ ಹೊಸದು, ಆದ್ದರಿಂದ ಜಗಳವೂ ಹೊಸದು ಎಂದು ನಾವು ಭಾವಿಸುತ್ತೇವೆ. ಆದರೆ ದುಡಿಯುವವರ ಜೇಬಿನಲ್ಲಿರುವ ವಸ್ತುವನ್ನು ಗೇಟಿನಲ್ಲೇ ತೆಗೆದಿಡುವ ಕತೆ ಮೊಬೈಲಿಗಿಂತ ನೂರೈವತ್ತು ವರ್ಷಕ್ಕೂ ಹಳೆಯದು. ಆಗ ಆ ವಸ್ತು ಮೊಬೈಲ್ ಅಲ್ಲ, ಗಡಿಯಾರವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬ್ರಿಟನ್ನಿನ ಹತ್ತಿ ಮತ್ತು ನಾರಿನ ಗಿರಣಿಗಳಲ್ಲಿ ದುಡಿದವರು ಕೊಟ್ಟ ಸಾಕ್ಷ್ಯಗಳು ಉಳಿದುಕೊಂಡಿವೆ. ಇತಿಹಾಸಕಾರ ಇ.ಪಿ. ಥಾಂಪ್ಸನ್ 1967ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಅವುಗಳನ್ನು ಒಂದೆಡೆ ತಂದರು. ಕೆಲವು ಗಿರಣಿಗಳಲ್ಲಿ ಬೆಳಿಗ್ಗೆ ಗಡಿಯಾರವನ್ನು ಮುಂದಕ್ಕೆ ತಿರುಗಿಸಲಾಗುತ್ತಿತ್ತು, ಸಂಜೆ ಹಿಂದಕ್ಕೆ. ಹೀಗೆ ದಿನದ ಎರಡೂ ತುದಿಗಳಲ್ಲಿ ಒಂದಿಷ್ಟು ಹೊತ್ತಿನ ಕಳ್ಳತನ. ಒಂದು ಗಿರಣಿಯಲ್ಲಿ ಮಾಲಕ ಮತ್ತು ಅವನ ಮಗನ ಬಳಿ ಮಾತ್ರ ಗಡಿಯಾರವಿತ್ತು. ಒಬ್ಬ ಕಾರ್ಮಿಕನ ಬಳಿ ತನ್ನದೇ ಒಂದು ಗಡಿಯಾರವಿತ್ತು. ಅವನು ಜೊತೆಯವರಿಗೆ ಗಂಟೆಯೆಷ್ಟು ಎಂದು ಹೇಳಿಬಿಟ್ಟ. ಗಡಿಯಾರವನ್ನು ಕಿತ್ತುಕೊಂಡು ಮಾಲಕನ ವಶಕ್ಕೆ ಕೊಡಲಾಯಿತು. ಸ್ಕಾಟ್ಲೆಂಡಿನ ಡಂಡಿಯಲ್ಲಿ ಬಾಲ್ಯದಲ್ಲೇ ಗಿರಣಿಗೆ ಹೋದ ಒಬ್ಬನ ನೆನಪಿನ ಪ್ರಕಾರ ಕೆಲಸಗಾರರು ಗಡಿಯಾರ ಇಟ್ಟುಕೊಳ್ಳುವುದಕ್ಕೇ ಹೆದರುತ್ತಿದ್ದರು. ಸಮಯದ ವಿಷಯದಲ್ಲಿ ಹೆಚ್ಚು ತಿಳಿದವರನ್ನು ಕೆಲಸದಿಂದ ತೆಗೆಯುವುದು ಅಪರೂಪವೇನೂ ಆಗಿರಲಿಲ್ಲ.

ಕೊನೆಗೆ 1844ರ ಕಾರ್ಖಾನೆ ಕಾಯಿದೆ ಬಂದಾಗ ಬ್ರಿಟಿಷ್ ಸಂಸತ್ತು ಒಂದು ವಿಚಿತ್ರವೆನಿಸುವ ನಿಯಮವನ್ನು ಸೇರಿಸಬೇಕಾಯಿತು. ಕೆಲಸದ ಹೊತ್ತನ್ನು ಮಾಲಕನ ಗಡಿಯಾರದಿಂದಲ್ಲ, ಊರಿನ ಸಾರ್ವಜನಿಕ ಗಡಿಯಾರದಿಂದ ಅಳೆಯಬೇಕು. ರೈಲು ನಿಲ್ದಾಣದ ಗಡಿಯಾರವಾದರೂ ಸರಿ. ಮೋಸ ಎಷ್ಟು ಸಾಮಾನ್ಯವಾಗಿತ್ತು ಎಂಬುದಕ್ಕೆ ಈ ಒಂದು ಕಲಮೇ ಸಾಕ್ಷಿ.

ಗಡಿಯಾರ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ಅದನ್ನು ನೋಡುತ್ತಾ ಯಾರೂ ಮೈಮರೆಯುವುದಿಲ್ಲ. ಆದರೂ ಅದನ್ನು ಕಿತ್ತುಕೊಂಡದ್ದು ಏಕೆ? ಅದು ಹೊರಗಿನ ಸುದ್ದಿಯೊಂದನ್ನು, ಅಂದರೆ ನಿಜವಾದ ಸಮಯವನ್ನು, ಒಳಗೆ ತರುತ್ತಿತ್ತು. ಹಾಗಾಗಿ ಕೆಲಸದ ಸ್ಥಳದಲ್ಲಿ ಮೊಬೈಲ್ ಬೇಕೇ ಬೇಡವೇ ಎಂದು ವಾದಿಸುವ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. ಕೂಲಿ ಕೊಡುವಾತ ಕೊಂಡುಕೊಂಡದ್ದು ಏನನ್ನು? ಕೈಗಳ ದುಡಿಮೆಯನ್ನೇ ಅಥವಾ ಕಣ್ಣು, ಕಿವಿ, ನಾಲಗೆಗಳ ಸಮೇತ ಇಡೀ ಮನುಷ್ಯನನ್ನೇ?

ಈ ಪ್ರಶ್ನೆಯನ್ನು ನಮ್ಮ ಫಿಕ್ಹ್ ಪಂಡಿತರು ಬಹಳ ಹಿಂದೆಯೇ ಕೇಳಿದ್ದರು. ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಅಹ್ಮದ್ ಜೌದತ್ ಪಾಶಾರ ನೇತೃತ್ವದಲ್ಲಿ 1869ರಿಂದ 1876ರ ನಡುವೆ ಸಿದ್ಧವಾದ ‘ಮಜಲ್ಲಾ’ ಎಂಬ ಕಾನೂನು ಸಂಹಿತೆ ಹನಫಿ ಫಿಕ್ಹಿನ ತೀರ್ಮಾನಗಳನ್ನು ಕಲಮುಗಳಾಗಿ ಬರೆದಿಟ್ಟಿತು. ಅದರ ಪ್ರಕಾರ ಕೆಲಸಗಾರರಲ್ಲಿ ಎರಡು ವಿಧ. ಒಬ್ಬ ಅಜೀರ್ ಖಾಸ್, ಅಂದರೆ ಗೊತ್ತಾದ ಹೊತ್ತಿಗೆ ಒಬ್ಬನೇ ಮಾಲಕನ ಬಳಿ ದುಡಿಯುವವನು. ಆ ಹೊತ್ತಿನಲ್ಲಿ ಕೆಲಸಕ್ಕೆ ಸಿದ್ಧನಾಗಿ ಹಾಜರಿದ್ದರೆ ಸಾಕು, ಮಾಲಕ ಕೆಲಸ ಕೊಡದಿದ್ದರೂ ಕೂಲಿ ಅವನ ಹಕ್ಕು. ಇನ್ನೊಬ್ಬ ಅಜೀರ್ ಮುಶ್ತರಕ್, ಅಂದರೆ ದರ್ಜಿಯಂತೆ, ಅಗಸನಂತೆ, ಯಾರ ಕೆಲಸವನ್ನೂ ಹಿಡಿಯಬಲ್ಲವನು. ಅವನಿಗೆ ಕೂಲಿ ಸಿಗುವುದು ಹೊತ್ತಿಗಲ್ಲ, ಮುಗಿಸಿಕೊಟ್ಟ ಕೆಲಸಕ್ಕೆ.

ಮೊದಲನೆಯವನು ತನ್ನ ಹೊತ್ತನ್ನು ಮಾರಿದ್ದಾನೆ. ಆದ್ದರಿಂದ ಆ ಹೊತ್ತಿನಲ್ಲಿ ಮಾಲಕನ ಅನುಮತಿಯಿಲ್ಲದೆ ನಫಿಲ್ ನಮಾಝಿಗೂ ಅವನಿಗೆ ಅವಕಾಶವಿಲ್ಲ ಎಂದು ಹನಫಿ ವಿದ್ವಾಂಸರು ಹೇಳಿದರು. ನಫಿಲ್ ನಮಾಝಿಗೇ ಇಲ್ಲದ ರಿಯಾಯಿತಿ ಕ್ರಿಕೆಟ್ ಸ್ಕೋರಿಗೆ ಸಿಗಲಾರದು ಎಂಬುದನ್ನು ನಾವು ಒಪ್ಪಲೇಬೇಕು. ಬೆವರಾರುವ ಮುನ್ನ ಕೂಲಿ ಸಿಗಬೇಕೆಂದು ನೆನಪಿಸುವವರು ಹೊತ್ತು ಒಂದು ಅಮಾನತ್ತು ಎಂಬುದನ್ನೂ ನೆನಪಿಡಬೇಕು. ಆದರೆ ಅದೇ ವಿದ್ವಾಂಸರು ಫರ್ಝ್ ನಮಾಝಿನ ವೇಳೆಯನ್ನು ಮಾರಾಟದಿಂದ ಹೊರಗಿಟ್ಟರು. ಅದಕ್ಕೆ ಅನುಮತಿ ಬೇಕಿಲ್ಲ, ಕೂಲಿ ಕಡಿತವೂ ಇಲ್ಲ. ಮಾರಿದ ಹೊತ್ತಿನೊಳಗೂ ಮಾರಾಟವಾಗದ ಒಂದು ಭಾಗ ಉಳಿದಿರುತ್ತದೆ ಎಂದಾಯಿತು.

ಅದೇ ಕಾಲದಲ್ಲಿ ಸಾಗರದಾಚೆಯ ಕ್ಯೂಬಾದಲ್ಲಿ ಈ ಉಳಿದ ಭಾಗಕ್ಕಾಗಿಯೇ ಒಂದು ಹೋರಾಟ ಆರಂಭವಾಗಿತ್ತು. ಅದರ ಕತೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಮ್ಮ ಕರಾವಳಿಯ ಬೀಡಿಗೂ ಅಲ್ಲಿನ ಸಿಗಾರಿಗೂ ಹತ್ತಿರದ ನಂಟಿದೆ. ಎರಡೂ ಕೈಯಲ್ಲಿ ಸುತ್ತುವಂಥವು, ಎರಡರಲ್ಲೂ ಕೈಗೆ ಮಾತ್ರ ಕೆಲಸ, ಕಿವಿ ಖಾಲಿ.

ಹವಾನಾ ಆಗ ಸ್ಪೇನಿನ ಆಳ್ವಿಕೆಯಲ್ಲಿತ್ತು. 1865ರ ಡಿಸೆಂಬರಿನಲ್ಲಿ ಅಲ್ಲಿನ ಎಲ್ ಫಿಗಾರೊ ಎಂಬ ಸಿಗಾರ್ ಕಾರ್ಖಾನೆಯ ಕೆಲಸಗಾರರು ಒಂದು ಏರ್ಪಾಡು ಮಾಡಿಕೊಂಡರು. ತಮ್ಮಲ್ಲೇ ಒಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಸುತ್ತುತ್ತಾ ಕೇಳುವುದು. ಓದುವವನಿಗೆ ಆ ಹೊತ್ತಿನಲ್ಲಿ ಆಗುವ ಕೂಲಿಯ ನಷ್ಟವನ್ನು ಉಳಿದವರೇ ತುಂಬಿಕೊಡುವುದು. ಸಿಗಾರ್ ಕೆಲಸಗಾರನೂ ಕವಿಯೂ ಆಗಿದ್ದ ಸಾತುರ್ನಿನೊ ಮಾರ್ತಿನೆಸ್ ಅದೇ ವರ್ಷ ಆರಂಭಿಸಿದ್ದ ‘ಲಾ ಅರೋರಾ’ ಎಂಬ ಕಾರ್ಮಿಕ ಪತ್ರಿಕೆ ಇದಕ್ಕೆ ಬೆಂಬಲವಾಗಿ ನಿಂತಿತು. ಸಣ್ಣಪುಟ್ಟ ಅಕ್ಷರವೂ ಬಾರದವರ ಕಿವಿಗೆ ಪತ್ರಿಕೆ, ಚರಿತ್ರೆ, ಕಾದಂಬರಿ ಎಲ್ಲವೂ ತಲುಪತೊಡಗಿದವು. ಕೆಲವು ಮಾಲಕರು ಇದಕ್ಕೆ ಒಪ್ಪಿದರು. ಪಾರ್ತಗಾಸ್ ಕಾರ್ಖಾನೆಯ ಒಡೆಯ ಓದುವವನಿಗೆ ಎತ್ತರದ ಪೀಠವನ್ನೇ ಮಾಡಿಸಿಕೊಟ್ಟ. ಓದುವವನಿಗೆ ‘ಲೆಕ್ತೋರ್’ ಎಂದು ಹೆಸರಾಯಿತು.

ಆರು ತಿಂಗಳೂ ಕಳೆದಿರಲಿಲ್ಲ. 1866ರ ಮೇ ತಿಂಗಳಲ್ಲಿ ಹವಾನಾದ ಆಡಳಿತ ಆದೇಶ ಹೊರಡಿಸಿತು. ಪುಸ್ತಕ, ಪತ್ರಿಕೆಗಳ ಓದಿನಿಂದಾಗಲಿ ಕೆಲಸಕ್ಕೆ ಸಂಬಂಧಿಸದ ಚರ್ಚೆಗಳಿಂದಾಗಲಿ ಕಾರ್ಮಿಕರ ಗಮನ ಕೆಡಿಸಬಾರದು ಎಂಬುದು ಅದರ ಸಾರ. ಗೇಟಿನ ಇಂದಿನ ಫಲಕಗಳಲ್ಲಿ ಮೊಬೈಲ್ ಕುರಿತು ಬರೆದಿರುವುದಕ್ಕೂ ಇದಕ್ಕೂ ಭಾಷೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ಗಮನ ಕೆಡುತ್ತಿತ್ತು ಎಂಬುದು ನಿಜವಾದ ದೂರಲ್ಲ. ಸುತ್ತಿದ ಪ್ರತಿ ಸಿಗಾರಿಗೆ ಇಷ್ಟು ಎಂದು ಕೂಲಿಯಿದ್ದಾಗ ಗಮನ ಕೆಟ್ಟರೆ ನಷ್ಟ ಕೆಲಸಗಾರನಿಗೇ. ಆಡಳಿತದ ಭಯ ಬೇರೆಯೇ ಇತ್ತು. 1868ರಲ್ಲಿ ಸ್ಪೇನಿನ ವಿರುದ್ಧ ಹತ್ತು ವರ್ಷಗಳ ಯುದ್ಧ ಸಿಡಿದಾಗ ಆ ಭಯಕ್ಕೆ ಆಧಾರವಿತ್ತೆಂಬುದು ಸಾಬೀತಾಯಿತು.

ಯುದ್ಧದ ಕಾಲದಲ್ಲಿ ಸಾವಿರಾರು ಸಿಗಾರ್ ಕೆಲಸಗಾರರು ಅಮೇರಿಕದ ಫ್ಲೋರಿಡಾಕ್ಕೆ ವಲಸೆ ಹೋದರು. ಮೊದಲು ಕೀ ವೆಸ್ಟ್‌ಗೆ, ಆಮೇಲೆ 1880ರ ದಶಕದಲ್ಲಿ ಟ್ಯಾಂಪಾದ ಬಳಿ ವಿಸೆಂತೆ ಮಾರ್ತಿನೆಸ್ ಇಬೊರ್ ಕಟ್ಟಿಸಿದ ಇಬೊರ್ ಸಿಟಿಗೆ. ಲೆಕ್ತೋರ್ ಕೂಡ ಅವರೊಂದಿಗೆ ಹೋದ. ಅಲ್ಲಿ ಅವನಿಗೆ ಸಂಬಳ ಕೊಡುತ್ತಿದ್ದವರು ಕಾರ್ಮಿಕರೇ. ತಲಾ ಇಷ್ಟು ಸೆಂಟು ಎಂದು ವಾರವಾರ ವಂತಿಗೆ. ಯಾವ ಕಾದಂಬರಿ ಓದಬೇಕೆಂಬುದನ್ನು ಮತ ಹಾಕಿ ತೀರ್ಮಾನಿಸುತ್ತಿದ್ದರು. ಬೆಳಿಗ್ಗೆ ಪತ್ರಿಕೆಗಳು, ಮಧ್ಯಾಹ್ನದ ಮೇಲೆ ಸರ್ವಾಂಟೆಸ್, ಹ್ಯೂಗೊ, ಝೋಲಾ. ಮೈಕ್ ಇಲ್ಲದ ಕಾಲದಲ್ಲಿ ನೂರಾರು ಮಂದಿಗೆ ಕೇಳಿಸುವಂತೆ ಓದಬೇಕು. ಗಂಟಲೇ ಅವನ ಬಂಡವಾಳ. ಕ್ಯೂಬಾದ ಸ್ವಾತಂತ್ರ್ಯ ನಾಯಕ ಹೊಸೆ ಮಾರ್ತಿ 1891ರಲ್ಲಿ ಟ್ಯಾಂಪಾಕ್ಕೆ ಬಂದಾಗ ಅವನ ಮಾತಿಗೆ ಕಿವಿಗೊಟ್ಟು ಹಣ ಕೂಡಿಸಿಕೊಟ್ಟವರಲ್ಲಿ ಈ ಕೆಲಸಗಾರರೇ ಮುಂದಿದ್ದರು. ಶಾಲೆಯ ಮೆಟ್ಟಿಲು ಹತ್ತದವರೂ ದೇಶದ ರಾಜಕೀಯವನ್ನು ಚರ್ಚಿಸಬಲ್ಲವರಾಗಿದ್ದರು. ಎಲೆ ಸುತ್ತುತ್ತಾ ಕೇಳಿ ಕಲಿತವರು ಅವರು.

1931ರ ನವೆಂಬರಿನಲ್ಲಿ ಟ್ಯಾಂಪಾದ ಮಾಲಕರು ಒಟ್ಟಾಗಿ ಲೆಕ್ತೋರ್‌ಗಳ ಓದನ್ನು ನಿಲ್ಲಿಸಿದರು. ಕಮ್ಯುನಿಸ್ಟ್ ಪ್ರಚಾರ ನಡೆಯುತ್ತಿದೆ ಎಂಬುದು ಅವರು ಕೊಟ್ಟ ಕಾರಣ. ಕಾರ್ಮಿಕರು ಮುಷ್ಕರ ಹೂಡಿದರು, ಮಾಲಕರು ಬಾಗಿಲು ಹಾಕಿದರು. ಆರ್ಥಿಕ ಕುಸಿತದ ಕಾಲ, ಮನೆಯಲ್ಲಿ ಒಲೆ ಉರಿಯಬೇಕಿತ್ತು. ಡಿಸೆಂಬರಿನಲ್ಲಿ ಕೆಲಸಕ್ಕೆ ಮರಳಿದಾಗ ಓದುವ ಪೀಠಗಳು ಖಾಲಿಯಾಗಿದ್ದವು. ಮುಂದೆ ಅವುಗಳ ಜಾಗದಲ್ಲಿ ರೇಡಿಯೋ ಬಂತು. ಇದನ್ನು ಸ್ವಲ್ಪ ಗಮನಿಸಬೇಕು. ಮಾಲಕರಿಗೆ ಬೇಡವಾದದ್ದು ಸದ್ದಲ್ಲ. ಸಂಗೀತ ಕೇಳುತ್ತಾ ದುಡಿದರೆ ಅವರಿಗೆ ತೊಂದರೆಯಿರಲಿಲ್ಲ. ಏನನ್ನು ಕೇಳಬೇಕೆಂದು ಕಾರ್ಮಿಕರೇ ತೀರ್ಮಾನಿಸುವುದು ಬೇಡವಾಗಿತ್ತು. ಕ್ಯೂಬಾದಲ್ಲಿ ಮಾತ್ರ ಈ ಸಂಪ್ರದಾಯ ಇಂದಿಗೂ ಉಳಿದಿದೆ. 2012ರಲ್ಲಿ ಆ ದೇಶ ಅದನ್ನು ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು.

ಇದೇ ಪದ್ಧತಿ ಮಲಬಾರಿನ ಕಣ್ಣೂರಿನಲ್ಲೂ ಇತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಬೀಡಿ ಶಾಲೆಗಳಲ್ಲಿ ಸಾಲಾಗಿ ಕುಳಿತು ಎಲೆ ಸುತ್ತುವಾಗ ಒಬ್ಬ ಪತ್ರಿಕೆ ಓದುತ್ತಿದ್ದ. ಅವನ ಪಾಲಿನ ಬೀಡಿಯನ್ನು ಉಳಿದವರು ಸುತ್ತಿಕೊಡುತ್ತಿದ್ದರು. ಹವಾನಾದವರಿಂದ ಇವರು ಕಲಿತದ್ದಲ್ಲ; ಒಂದೇ ಬಗೆಯ ಕೆಲಸ, ಒಂದೇ ಬಗೆಯ ಹಸಿವು, ಹಾಗಾಗಿ ಒಂದೇ ಬಗೆಯ ಉಪಾಯ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ 1966ರಲ್ಲಿ ಬಂತು. ಕೇರಳ ಸರಕಾರ ಅದನ್ನು ಜಾರಿಗೊಳಿಸಲು ಹೊರಟಾಗ, 1968ರಲ್ಲಿ, ಮಂಗಳೂರಿನ ಬೀಡಿ ಕಂಪೆನಿಗಳು ಕಣ್ಣೂರಿನಲ್ಲಿ ಬಾಗಿಲು ಮುಚ್ಚಿದವು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. 1969ರಲ್ಲಿ ಅವರಿಗಾಗಿ ಹುಟ್ಟಿದ ದಿನೇಶ್ ಬೀಡಿ ಸಹಕಾರಿ ಸಂಘದಲ್ಲಿ ಆ ಓದು ಮುಂದುವರಿಯಿತು.

ದಕ್ಷಿಣ ಕನ್ನಡದ ಕತೆ ಬೇರೆ ದಾರಿ ಹಿಡಿಯಿತು. ಇಲ್ಲಿ ಬೀಡಿ ಮನೆಗಳಿಗೆ ಹಂಚಿಹೋಯಿತು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಮನೆಯ ಜಗಲಿಯಲ್ಲಿ ಕುಳಿತು ಸುತ್ತಿ, ಮತ್ತೆ ಬ್ರಾಂಚಿಗೆ ಒಪ್ಪಿಸುವ ಸಾವಿರಾರು ಹೆಂಗಸರಲ್ಲಿ ನಮ್ಮ ಬ್ಯಾರಿ ಮನೆಗಳವರೂ ಬಹಳ. ಅವರ ಕಿವಿಗೆ ಯಾವ ಕಂಪೆನಿಯೂ ಬೀಗ ಹಾಕಲಿಲ್ಲ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ರೇಡಿಯೋ ಕೇಳಲಿ, ನೆರೆಮನೆಯವಳೊಡನೆ ಹರಟಲಿ, ಕಂಪೆನಿಗೆ ಏನು? ಹೆಚ್ಚುಕಡಿಮೆ ಅಜೀರ್ ಮುಶ್ತರಕ್‌ನ ಸ್ಥಿತಿ, ಹೋಲಿಕೆ ಪೂರ್ತಿ ಸರಿಯಲ್ಲದಿದ್ದರೂ. ಆದರೆ ಆ ಸ್ವಾತಂತ್ರ್ಯದಲ್ಲಿ ಒಂದು ಕೊರತೆಯಿತ್ತು. ಓದಿ ಹೇಳುವವರು ಇರಲಿಲ್ಲ, ಕೇಳಿ ಚರ್ಚಿಸುವ ಗುಂಪೂ ಇರಲಿಲ್ಲ. ಕಣ್ಣೂರಿನ ಬೀಡಿ ಕಾರ್ಮಿಕ ರಾಜಕೀಯ ಕಲಿತ ಜಾಗದಲ್ಲಿ ನಮ್ಮ ಉಮ್ಮಂದಿರು ಬೆನ್ನುನೋವನ್ನಷ್ಟೇ ಪಡೆದರು.

ಹೊತ್ತನ್ನು ಮಾರಿದವರ ಪಾಡು ಇದಕ್ಕೆ ತೀರಾ ವಿರುದ್ಧ. ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಪಟ್ಟಿಯ ಮೇಲೆ ಮೋಟಾರು ಜೋಡಿಸುವ ಕ್ರಮ ತಂದು, 1914ರಲ್ಲಿ ದಿನಕ್ಕೆ ಐದು ಡಾಲರ್ ಸಂಬಳ ಘೋಷಿಸಿದ. ಜಗತ್ತು ಬೆರಗಾಯಿತು. ಆ ಐದು ಡಾಲರಿಗೆ ಅವನು ಕೊಂಡುಕೊಂಡದ್ದು ಮಾತ್ರ ಬಹಳ. ಕೆಲಸದ ವೇಳೆ ಮಾತಾಡುವಂತಿಲ್ಲ, ಸಿಳ್ಳೆ ಹಾಕುವಂತಿಲ್ಲ, ಕುಳಿತುಕೊಳ್ಳುವಂತಿಲ್ಲ. ತುಟಿ ಅಲುಗಾಡಿಸದೆ ಮಾತಾಡುವ ಕಲೆಯನ್ನು ಕಾರ್ಮಿಕರು ಕಲಿತರು. ಅದಕ್ಕೆ ‘ಫೋರ್ಡ್ ಪಿಸುಮಾತು’ ಎಂದೇ ಹೆಸರು ಬಿತ್ತು. 1941ರಲ್ಲಿ ಕಂಪೆನಿ ಕಾರ್ಮಿಕ ಸಂಘವನ್ನು ಒಪ್ಪಿಕೊಳ್ಳುವವರೆಗೂ ಈ ಕಾವಲು ಬಿಗಿಯಾಗಿಯೇ ಇತ್ತು.

ನಮ್ಮ ದೇಶದ ಆಫೀಸುಗಳಲ್ಲಿ ಟೆಲಿಫೋನ್ ಡಯಲಿಗೆ ಸಣ್ಣ ಬೀಗ ಹಾಕಿಡುತ್ತಿದ್ದ ಕಾಲವನ್ನು ಹಿರಿಯ ಓದುಗರು ಮರೆತಿರಲಾರರು. ಬೀಗದ ಕೈ ಹೆಡ್ ಕ್ಲರ್ಕಿನ ಮೇಜಿನಲ್ಲಿ. ಬೀಗವಿದ್ದರೂ ರಿಸೀವರ್ ಇಡುವ ಗುಂಡಿಯನ್ನು ಲೆಕ್ಕ ಹಾಕಿ ತಟ್ಟಿ ನಂಬರ್ ಸೇರಿಸುವ ಜಾಣರೂ ಇದ್ದರು. ಆಗ ಪ್ರಶ್ನೆ ಹಣದ್ದಾಗಿತ್ತು, ಕರೆಯ ಖರ್ಚು ಕಚೇರಿಯದು. ಮೊಬೈಲ್ ಈ ಲೆಕ್ಕವನ್ನು ತಲೆಕೆಳಗು ಮಾಡಿತು. 1995ರ ಜುಲೈ 31ರಂದು ಕಲ್ಕತ್ತದಿಂದ ಜ್ಯೋತಿ ಬಸು ದಿಲ್ಲಿಯಲ್ಲಿದ್ದ ಕೇಂದ್ರ ಸಚಿವ ಸುಖ್‌ರಾಮ್ ಅವರೊಡನೆ ದೇಶದ ಮೊದಲ ಮೊಬೈಲ್ ಕರೆ ಮಾಡಿದಾಗ ಅದು ಶ್ರೀಮಂತರ ಆಟಿಕೆ. ಬರುವ ಕರೆಗೂ ದುಡ್ಡು ಕೊಡಬೇಕಾಗಿತ್ತು. 2003ರಲ್ಲಿ ಆ ಶುಲ್ಕ ನಿಂತ ಮೇಲೆ ಫೋನು ಕೂಲಿಯವರ ಕೈಗೂ ಬಂತು. ಖರ್ಚು ಈಗ ಅವರದೇ. ಹಾಗಾಗಿ ಜಗಳ ಹಣದಿಂದ ಹೊತ್ತಿಗೆ ಬಂತು.

ಯುರೋಪಿನಲ್ಲಿ ಈ ಜಗಳ ಕೋರ್ಟು ಹತ್ತಿತು. ರುಮೇನಿಯಾದ ಎಂಜಿನಿಯರ್ ಬರ್ಬುಲೆಸ್ಕು ಕಂಪೆನಿಯ ಕಂಪ್ಯೂಟರಿನಿಂದ ತನ್ನ ಸಹೋದರನಿಗೂ ಮದುವೆ ನಿಶ್ಚಯವಾದ ಹುಡುಗಿಗೂ ಸಂದೇಶ ಕಳಿಸಿದ್ದಕ್ಕಾಗಿ 2007ರಲ್ಲಿ ಕೆಲಸ ಕಳೆದುಕೊಂಡಿದ್ದ. ಕಂಪೆನಿ ಆ ಖಾಸಗಿ ಸಂದೇಶಗಳನ್ನೆಲ್ಲ ಓದಿತ್ತು. 2017ರ ಸೆಪ್ಟೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ ಅವನ ಪರವಾಗಿ ತೀರ್ಪು ಕೊಟ್ಟಿತು. ನಿಯಮ ಮಾಡುವ ಅಧಿಕಾರ ಮಾಲಕನಿಗಿದೆ, ಆದರೆ ಕೆಲಸದ ಸ್ಥಳದಲ್ಲಿ ಮನುಷ್ಯನ ಖಾಸಗಿ ಬದುಕನ್ನು ಸೊನ್ನೆಗೆ ಇಳಿಸುವ ಅಧಿಕಾರವಿಲ್ಲ ಎಂಬುದು ಅದರ ತಾತ್ಪರ್ಯ.

ಇಷ್ಟೆಲ್ಲ ಹೇಳಿದ ಮೇಲೆ, ನಿಷೇಧವೇ ಅನ್ಯಾಯವೆಂದು ನಾವು ವಾದಿಸುತ್ತಿದ್ದೇವೆ ಎಂದು ಯಾರೂ ತಿಳಿಯಬಾರದು. 2008ರ ಸೆಪ್ಟೆಂಬರ್ 12ರ ಸಂಜೆ ಅಮೇರಿಕದ ಲಾಸ್ ಏಂಜಲಿಸ್ ಸಮೀಪದ ಚಾಟ್ಸ್‌ವರ್ತ್‌ನಲ್ಲಿ ಪ್ರಯಾಣಿಕರ ರೈಲೊಂದು ಕೆಂಪು ಸಿಗ್ನಲ್ ದಾಟಿ ಎದುರಿನ ಗೂಡ್ಸ್ ರೈಲಿಗೆ ಢಿಕ್ಕಿ ಹೊಡೆಯಿತು. 25 ಮಂದಿ ಸತ್ತರು, ಚಾಲಕನೂ ಸೇರಿ. ಅವನು ಕೊನೆಯ ಸಂದೇಶ ಕಳಿಸಿದ್ದು ಢಿಕ್ಕಿಗೆ 22 ಸೆಕೆಂಡುಗಳ ಮುಂಚೆ. ಮರುತಿಂಗಳೇ ರೈಲು ಓಡಿಸುವವರ ಮೊಬೈಲ್ ಬಳಕೆಯನ್ನು ಅಲ್ಲಿನ ಕೇಂದ್ರ ಆಡಳಿತ ತುರ್ತು ಆದೇಶದ ಮೂಲಕ ನಿಷೇಧಿಸಿತು. ಇನ್ನೊಬ್ಬರ ಜೀವ ತನ್ನ ಕಣ್ಣಿನಲ್ಲಿರುವವನಿಗೆ ಆ ಹೊತ್ತಿನಲ್ಲಿ ಖಾಸಗಿ ಬದುಕಿನ ಮಾತೆತ್ತುವ ಹಕ್ಕಿಲ್ಲ. ಇದರಲ್ಲಿ ಎರಡು ಮಾತಿಲ್ಲ.

ಆದರೆ ಆ ದುರಂತದ ಇನ್ನೊಂದು ಅಂಶವನ್ನು ಜನ ಮರೆಯುತ್ತಾರೆ. ಚಾಲಕ ಫೋನ್ ಬಳಸಬಾರದೆಂಬ ನಿಯಮ ಅಲ್ಲಿ ಮೊದಲೇ ಇತ್ತು. ಆ ಚಾಲಕನಿಗೆ ಹಿಂದೆಯೇ ಎಚ್ಚರಿಕೆಯನ್ನೂ ಕೊಡಲಾಗಿತ್ತು. ನಿಯಮ ಯಾರನ್ನೂ ಉಳಿಸಲಿಲ್ಲ. ಸಿಗ್ನಲ್ ದಾಟಿದರೆ ತಾನಾಗಿಯೇ ರೈಲನ್ನು ನಿಲ್ಲಿಸುವ ಯಂತ್ರವಿದ್ದಿದ್ದರೆ ಉಳಿಯುತ್ತಿದ್ದರು. ಅದನ್ನು ಅಳವಡಿಸಲು ಅದೇ ಅಕ್ಟೋಬರಿನಲ್ಲಿ ಕಾನೂನಾಯಿತು. 2015ರೊಳಗೆ ಮುಗಿಯಬೇಕಿದ್ದ ಕೆಲಸ ಮುಗಿದದ್ದು 2020ರ ಕೊನೆಗೆ. ಫೋನ್ ನಿಷೇಧಿಸಲು ಒಂದು ಹಾಳೆ ಸಾಕು, ಯಂತ್ರಕ್ಕೆ ಕೋಟಿಗಟ್ಟಲೆ ಹಣ ಬೇಕು.

ನಮ್ಮಲ್ಲಿ ಹಲವು ಕಡೆ ಫಲಕದ ಜೊತೆ ದಂಡವೂ ಇರುತ್ತದೆ. ಫೋನ್ ಕೈಯಲ್ಲಿ ಕಂಡರೆ ಇಷ್ಟು ರೂಪಾಯಿ ಎಂದು. ದಂಡದ ಬಗ್ಗೆ ಕಾನೂನು ಏನು ಹೇಳುತ್ತದೆಂದು ಕಾರ್ಮಿಕರಿಗೂ ಗೊತ್ತಿಲ್ಲ, ಎಷ್ಟೋ ಮಾಲಕರಿಗೂ ಗೊತ್ತಿಲ್ಲ. 1936ರ ವೇತನ ಪಾವತಿ ಕಾಯಿದೆಯೇ ಇದಕ್ಕೆ ಕಡಿವಾಣ ಹಾಕಿತ್ತು, 2019ರ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಯಾವ ತಪ್ಪಿಗೆ ದಂಡವೆಂಬ ಪಟ್ಟಿಗೆ ಸರಕಾರದ ಒಪ್ಪಿಗೆ ಬೇಕು, ಅದನ್ನು ಕಾರ್ಮಿಕರಿಗೆ ಕಾಣುವಂತೆ ಹಾಕಬೇಕು. ದಂಡ ಹಾಕುವ ಮುನ್ನ ಕಾರಣ ಹೇಳಲು ಅವಕಾಶ ಕೊಡಬೇಕು. ಒಟ್ಟು ದಂಡ ಆ ಅವಧಿಯ ವೇತನದ ಶೇಕಡಾ ಮೂರನ್ನು ಮೀರಬಾರದು. ಮುಖ್ಯವಾಗಿ, ಆ ಹಣ ಮಾಲಕನ ಗಲ್ಲೆಗೆ ಹೋಗುವಂತಿಲ್ಲ, ಕಾರ್ಮಿಕರ ಒಳಿತಿಗೇ ಬಳಕೆಯಾಗಬೇಕು. ಇದನ್ನು ಓದುವ ನಮ್ಮ ವ್ಯಾಪಾರಿ ಮಿತ್ರರು ತಮ್ಮ ಅಂಗಡಿಯ ದಂಡದ ಡಬ್ಬಿಯ ಕಡೆಗೆ ಒಮ್ಮೆ ನೋಡುವುದು ಒಳ್ಳೆಯದು. ಅದೇ ಅಂಗಡಿಯ ಗಲ್ಲೆಯ ಮೇಲೆ ಕುಳಿತವರ ಫೋನು ಇಡೀ ದಿನ ಕಿವಿಗಂಟಿಯೇ ಇರುವುದನ್ನು ಗಿರಾಕಿಗಳೂ ನೋಡುತ್ತಿರುತ್ತಾರೆ.

ಕಾರ್ಖಾನೆ, ಅಂಗಡಿಗಳಲ್ಲಿ ಸಂಜೆಗಾದರೂ ಫೋನ್ ಮರಳಿ ಸಿಗುತ್ತದೆ. ಮನೆಗೆಲಸದವರಿಗೆ ಅದೂ ಇಲ್ಲ. ಅವರ ಪಾಲಿಗೆ ಮಾಲಕರ ಮನೆಯೇ ಕೆಲಸದ ಸ್ಥಳ, ರಾತ್ರಿ ಮಲಗುವುದೂ ಅಲ್ಲೇ. ಗಲ್ಫ್ ದೇಶಗಳಲ್ಲಿ ಮನೆಗೆಲಸಕ್ಕಿರುವ ಹೆಂಗಸರ ಫೋನುಗಳನ್ನು ಮಾಲಕರು ಕಸಿದುಕೊಳ್ಳುವುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ತನ್ನ ವರದಿಗಳಲ್ಲಿ ಮತ್ತೆ ಮತ್ತೆ ದಾಖಲಿಸಿದೆ. ಗಲ್ಫಿನ ಹಣದಿಂದ ಬದುಕು ಕಟ್ಟಿಕೊಂಡ ಕರಾವಳಿಯ ನಾವು, ಊರಿನ ಸುದ್ದಿಗಾಗಿ ಕಾಗದಕ್ಕೂ ಕ್ಯಾಸೆಟ್ಟಿಗೂ ತಿಂಗಳುಗಟ್ಟಲೆ ಕಾದವರ ಮಕ್ಕಳು, ಇದನ್ನು ಬೇರೆಯವರ ಸಮಸ್ಯೆಯೆಂದು ಹೇಗೆ ನೋಡಲು ಸಾಧ್ಯ? ನಮ್ಮ ಮನೆಗಳಲ್ಲಿ ನಿಂತು ದುಡಿಯುವ ಹುಡುಗಿಯರ ಫೋನ್ ಯಾರ ಬೀರಿನಲ್ಲಿದೆ ಎಂಬುದೂ ಇದರ ಜೊತೆಗೇ ಬರುವ ಪ್ರಶ್ನೆ.

ಇತ್ತೀಚಿನ ಒಂದು ಘಟನೆಯನ್ನು ಹೇಳಿ ಮುಗಿಸುತ್ತೇವೆ. ಅಮೇರಿಕದ ಅಮೆಜಾನ್ ಗೋದಾಮುಗಳಲ್ಲಿ ಕೆಲಸದ ವೇಳೆ ಮೊಬೈಲ್ ಇಟ್ಟುಕೊಳ್ಳುವುದಕ್ಕೆ ವರ್ಷಗಳ ಕಾಲ ನಿಷೇಧವಿತ್ತು. ಕೋವಿಡ್ ಕಾಲದಲ್ಲಿ ಅದನ್ನು ಸಡಿಲಿಸಿ, 2022ರ ಜನವರಿಯಿಂದ ಮತ್ತೆ ಜಾರಿಗೊಳಿಸಲು ಕಂಪೆನಿ ಸಿದ್ಧವಾಗಿತ್ತು. 2021ರ ಡಿಸೆಂಬರ್ 10ರ ರಾತ್ರಿ ಇಲಿನಾಯ್ ರಾಜ್ಯದ ಎಡ್ವರ್ಡ್ಸ್‌ವಿಲ್‌ನಲ್ಲಿದ್ದ ಅದರ ಗೋದಾಮಿಗೆ ಸುಂಟರಗಾಳಿ ಅಪ್ಪಳಿಸಿತು. ಗೋಡೆ ಕುಸಿದು ಆರು ಮಂದಿ ಸತ್ತರು. ಅಲ್ಲಿ ಬಿರುಗಾಳಿಯ ಮುನ್ಸೂಚನೆ ಜನರಿಗೆ ತಲುಪುವ ಒಂದು ದಾರಿ ಮೊಬೈಲ್. ನಾಳೆಯಿಂದ ಫೋನ್ ಹೊರಗಿಡಬೇಕೆಂದರೆ ಗಾಳಿ ಬರುತ್ತಿದೆಯೆಂದು ನಮಗೆ ಹೇಳುವವರು ಯಾರು ಎಂದು ಬೇರೆ ಗೋದಾಮುಗಳ ಕೆಲಸಗಾರರು ಕೇಳತೊಡಗಿದರು. ಜನವರಿ ಬಂತು, ನಿಷೇಧ ಮರಳಲಿಲ್ಲ.